ಸಣ್ಣ ಊರಿನ ಸರ್ಕಾರಿ ಶಾಲೆಗಳಲ್ಲಿ ಯಾವುದನ್ನು ಆರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ. ಕೇಳುವವರಲ್ಲಿ ಹೆಚ್ಚಿನವರು ತಾಲ್ಲೂಕು ಕೇಂದ್ರದಲ್ಲೋ ಹೋಬಳಿ ಊರಿನಲ್ಲೋ ಇರುವ ತಂದೆ ತಾಯಿ. ಮಗುವನ್ನು ಸರ್ಕಾರಿ ಶಾಲೆಗೇ ಸೇರಿಸಬೇಕು ಅಂತ ತೀರ್ಮಾನ ಮಾಡಿದ್ದಾರೆ. ಯಾವ ಶಾಲೆಗೆ ಅನ್ನುವುದಷ್ಟೇ ಗೊತ್ತಾಗುತ್ತಿಲ್ಲ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಪೋಷಕ ಸದಸ್ಯನಾಗಿ ಕೆಲಸ ಮಾಡುತ್ತಾ, ಸುತ್ತಮುತ್ತಲ ಶಾಲೆಗಳನ್ನು ನೋಡುತ್ತಾ ಬಂದ ಅನುಭವದಿಂದ ಉತ್ತರಿಸಿದ್ದೇನೆ. ಇಲ್ಲಿರುವುದೆಲ್ಲ ಕರ್ನಾಟಕದ ಸರ್ಕಾರಿ ಶಾಲೆಗಳ ಬಗ್ಗೆ.

## ಶುರುವಿನ ಪ್ರಶ್ನೆಗಳು

ನಮ್ಮೂರಲ್ಲಿ ನಾಲ್ಕೈದು ಸರ್ಕಾರಿ ಶಾಲೆ ಇವೆ. ಎಲ್ಲದಕ್ಕೂ ಪುಸ್ತಕ ಒಂದೇ, ಇಲಾಖೆ ಒಂದೇ. ಹೋಲಿಸೋದು ಏನಿದೆ?

ಪುಸ್ತಕ ಒಂದೇ, ಸಮವಸ್ತ್ರ ಒಂದೇ, ಸಂಬಳ ಕೊಡುವವರೂ ಒಬ್ಬರೇ. ಆದರೂ ಒಂದೇ ಊರಿನ ಎರಡು ಶಾಲೆಗಳ ನಡುವೆ ತುಂಬಾ ವ್ಯತ್ಯಾಸ ಇರುತ್ತದೆ. ಒಂದರಲ್ಲಿ ಏಳು ಹುದ್ದೆಗೆ ಏಳೂ ಜನ ಖಾಯಂ ಶಿಕ್ಷಕರು ಇರುತ್ತಾರೆ. ಅಲ್ಲಿಂದ ಒಂದು ಕಿಲೋಮೀಟರ್ ದೂರದ ಇನ್ನೊಂದರಲ್ಲಿ ಇಬ್ಬರು ಖಾಯಂ, ಇಬ್ಬರು ಅತಿಥಿ ಶಿಕ್ಷಕರು, ಗಣಿತಕ್ಕೆ ಯಾರೂ ಇಲ್ಲ. ನನ್ನ ಪ್ರಕಾರ ನೋಡಬೇಕಾದದ್ದು ಮುಖ್ಯವಾಗಿ ಎರಡು: ಈ ವರ್ಷ ಆ ಶಾಲೆಯಲ್ಲಿ ಯಾರು ಪಾಠ ಮಾಡುತ್ತಿದ್ದಾರೆ, ಮತ್ತು ಅಲ್ಲಿನ ಮೂರು, ನಾಲ್ಕನೇ ತರಗತಿಯ ಮಕ್ಕಳಿಗೆ ತಾವಾಗಿಯೇ ಓದಲು ಬರುತ್ತದಾ. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸ್ ಇವೆಲ್ಲಾ ಆಮೇಲೆ.

ಬೋರ್ಡ್ ಮೇಲೆ ಸ.ಕಿ.ಪ್ರಾ., ಸ.ಹಿ.ಪ್ರಾ., ಕೆಪಿಎಸ್, ಆದರ್ಶ ಅಂತೆಲ್ಲಾ ಇರುತ್ತೆ. ಏನು ವ್ಯತ್ಯಾಸ?

ಕಿರಿಯ ಪ್ರಾಥಮಿಕ ಶಾಲೆಯಲ್ಲಿ 1ರಿಂದ 5ನೇ ತರಗತಿ. ಹಿರಿಯ ಪ್ರಾಥಮಿಕದಲ್ಲಿ 1ರಿಂದ 7, ಕೆಲವು ಕಡೆ 8ರವರೆಗೆ. ಪ್ರೌಢಶಾಲೆ ಅಂದರೆ 8ರಿಂದ 10. ಕರ್ನಾಟಕ ಪಬ್ಲಿಕ್ ಶಾಲೆ, ಅಂದರೆ ಕೆಪಿಎಸ್, ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆಡಳಿತದಲ್ಲಿ ನಡೆಯುತ್ತದೆ. ಆದರ್ಶ ವಿದ್ಯಾಲಯ ಆರನೇ ತರಗತಿಯಿಂದ ಶುರುವಾಗುವ ಇಂಗ್ಲಿಷ್ ಮಾಧ್ಯಮದ ಸರ್ಕಾರಿ ಶಾಲೆ, ಅದಕ್ಕೆ ಪ್ರವೇಶ ಪರೀಕ್ಷೆ ಇದೆ. ರಾಜ್ಯದಲ್ಲಿ ಇಂಥವು 74 ಇವೆ, ಎಲ್ಲ ತಾಲ್ಲೂಕಿನಲ್ಲೂ ಸಿಗುವುದಿಲ್ಲ.

ಹೆಸರಿಗಿಂತ ಮುಖ್ಯವಾದದ್ದು ಮಗು ಎಷ್ಟು ಸಲ ಶಾಲೆ ಬದಲಾಯಿಸಬೇಕಾಗುತ್ತದೆ ಅನ್ನುವುದು. ಕಿರಿಯ ಪ್ರಾಥಮಿಕಕ್ಕೆ ಸೇರಿಸಿದರೆ ಎಸ್ಸೆಸ್ಸೆಲ್ಸಿ ಮುಗಿಯುವುದರೊಳಗೆ ಎರಡು ಸಲ. ಕೆಪಿಎಸ್ ಆದರೆ ಬದಲಾಯಿಸುವ ಅಗತ್ಯವೇ ಇಲ್ಲ. ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳದ ಮಗುವಿಗೆ ಇದು ದೊಡ್ಡ ವಿಷಯ. ಹಾಗಂತ ಮನೆ ಪಕ್ಕದ ಕಿರಿಯ ಪ್ರಾಥಮಿಕದಲ್ಲಿ ಒಳ್ಳೆಯ ಟೀಚರ್ ಇದ್ದರೆ ಅದನ್ನು ಬಿಟ್ಟು ದೂರದ ಕೆಪಿಎಸ್‌ಗೆ ಓಡಬೇಡಿ. ಮೊದಲ ಮೂರು ವರ್ಷದ ಓದು ಗಟ್ಟಿಯಾದರೆ ಮುಂದೆ ಯಾವ ಶಾಲೆಯಾದರೂ ನಡೆಯುತ್ತದೆ.

ಒಂದನೇ ಕ್ಲಾಸಿಗೆ ಎಷ್ಟು ವಯಸ್ಸಾಗಿರಬೇಕು? ಬರ್ತ್ ಸರ್ಟಿಫಿಕೇಟ್ ಇಲ್ಲ ಅಂದ್ರೆ ಸೇರಿಸ್ಕೊಳಲ್ವಾ?

ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಿಯಮ. 2025-26ರಲ್ಲಿ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದ್ದರು. ನೀವು ಸೇರಿಸುವ ವರ್ಷದ ಆದೇಶ ಏನಿದೆ ಅಂತ ಮುಖ್ಯ ಶಿಕ್ಷಕರನ್ನೋ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯನ್ನೋ ಕೇಳಿ. ವಯಸ್ಸಿನ ದಾಖಲೆ ಇಲ್ಲ ಅನ್ನುವ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಒಂದನೇ ತರಗತಿಗೆ ಮಗುವನ್ನೋ ತಂದೆ ತಾಯಿಯನ್ನೋ ಪರೀಕ್ಷೆ ಮಾಡಿ ಆರಿಸುವುದಕ್ಕೂ ಅವಕಾಶವಿಲ್ಲ.

ಊಟ, ಹಾಲು, ಪುಸ್ತಕ ಎಲ್ಲಾ ಶಾಲೇಲೂ ಒಂದೇ ತರ ಕೊಡ್ತಾರಾ?

ಕೊಡಬೇಕಾದದ್ದು ಒಂದೇ. ಪ್ರಾಥಮಿಕದ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟನೇ ತರಗತಿಯವರಿಗೆ 150 ಗ್ರಾಂ ಅಕ್ಕಿ ಅಥವಾ ಗೋಧಿಯ ಲೆಕ್ಕದಲ್ಲಿ ಬಿಸಿಯೂಟ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು. ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಪಠ್ಯಪುಸ್ತಕ, ಸಮವಸ್ತ್ರ, ಶೂ ಉಚಿತ. ವ್ಯತ್ಯಾಸ ಇರುವುದು ಅಡುಗೆ ಮನೆಯ ಸ್ವಚ್ಛತೆಯಲ್ಲಿ, ತರಕಾರಿ ಎಷ್ಟು ಬೀಳುತ್ತದೆ ಅನ್ನುವುದರಲ್ಲಿ. ಊಟದ ಹೊತ್ತಿಗೆ ಹೋಗಿ ಸಾಂಬಾರ್ ನೋಡಿ. ಶಿಕ್ಷಕರೂ ಅದೇ ಊಟ ರುಚಿ ನೋಡುತ್ತಾರಾ ಅಂತ ಗಮನಿಸಿ.

## ಶಾಲೆಗೆ ಹೋಗಿ ನೋಡುವಾಗ

ಹೋಗಿ ನೋಡಿ ಅಂತೀರಾ. ಯಾವಾಗ ಹೋಗ್ಲಿ? ಸುಮ್ನೆ ಹೋದ್ರೆ ಒಳಗೆ ಬಿಡ್ತಾರಾ?

ದಾಖಲಾತಿ ಅಭಿಯಾನದ ದಿನ, ಶಾಲಾ ಪ್ರಾರಂಭೋತ್ಸವದ ದಿನ ಹೋಗಬೇಡಿ. ಅವತ್ತು ತೋರಣ, ಸಿಹಿ, ಭಾಷಣ ಇರುತ್ತದೆ, ಪಾಠ ಇರುವುದಿಲ್ಲ. ನವೆಂಬರ್, ಡಿಸೆಂಬರಿನ ಒಂದು ಸಾಮಾನ್ಯ ಮಂಗಳವಾರವೋ ಬುಧವಾರವೋ ಹೋಗಿ. ಮುಂದಿನ ವರ್ಷ ಮಗುವನ್ನು ಸೇರಿಸಬೇಕು, ಒಂದು ಸಲ ಶಾಲೆ ನೋಡಬಹುದಾ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ನಾನು ನೋಡಿದಂತೆ ಹೆಚ್ಚಿನವರು ಖುಷಿಯಿಂದಲೇ ಕರೆದುಕೊಂಡು ಹೋಗುತ್ತಾರೆ, ಯಾಕೆಂದರೆ ಅವರಿಗೂ ಮಕ್ಕಳು ಬೇಕು.

ಮಧ್ಯಾಹ್ನ ಊಟವಾದ ಮೇಲಿನ ಮೊದಲ ಪೀರಿಯಡ್‌ಗೆ ತರಗತಿಗಳ ಮುಂದೆ ನಡೆದು ನೋಡಿ. ಆ ಹೊತ್ತಿಗೆ ಎಷ್ಟು ಕೋಣೆಯಲ್ಲಿ ಪಾಠ ನಡೆಯುತ್ತಿದೆ ಅನ್ನುವುದು ಶಾಲೆಯ ನಿಜವಾದ ಪರಿಚಯ ಕೊಡುತ್ತದೆ. ಆಮೇಲೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ನಲ್ಲಿ ತಿರುಗಿಸಿದರೆ ನೀರು ಬರುತ್ತದಾ, ಬೀಗ ಹಾಕಿದ್ದರೆ ಕೀ ಯಾರ ಹತ್ತಿರ ಇದೆ ಅಂತ ಕೇಳಿ. ಕೀ ಆಫೀಸ್ ರೂಮಿನಲ್ಲಿದ್ದರೆ ಆ ಶೌಚಾಲಯವನ್ನು ಮಕ್ಕಳು ಬಳಸುತ್ತಿಲ್ಲ ಅಂತಲೇ ಅರ್ಥ. ಐದನೇ ತರಗತಿ ದಾಟಿದ ಹುಡುಗಿಯರು ಶಾಲೆಗೆ ತಪ್ಪಿಸಿಕೊಳ್ಳುವುದಕ್ಕೆ ಇದು ದೊಡ್ಡ ಕಾರಣ. ಆದರೂ ಶಾಲೆ ಆರಿಸುವಾಗ ಇದನ್ನು ಕೇಳುವವರು ತುಂಬಾ ಕಡಿಮೆ.

ನಂಗೆ ಓದು ಬರಹ ಅಷ್ಟಾಗಿ ಬರಲ್ಲ. ಮೇಷ್ಟ್ರು ಚೆನ್ನಾಗಿ ಹೇಳಿಕೊಡ್ತಾರೋ ಇಲ್ವೋ ನಂಗೆ ಹೇಗೆ ಗೊತ್ತಾಗುತ್ತೆ?

ಖಂಡಿತ ಗೊತ್ತಾಗುತ್ತದೆ. ಒಂದೇ ತರಗತಿಯ ಮೂರು ಮಕ್ಕಳ ನೋಟ್‌ಬುಕ್ ಕೇಳಿ ತೆಗೆದುಕೊಳ್ಳಿ, ಒಂದರ ಪಕ್ಕ ಒಂದು ಇಡಿ. ಮೂರರಲ್ಲೂ ಉತ್ತರ ಅಕ್ಷರ ಅಕ್ಷರ ಒಂದೇ ತರ ಇದ್ದರೆ, ಸಾಲು ಮುರಿದಿರುವುದೂ ಒಂದೇ ಜಾಗದಲ್ಲಿದ್ದರೆ, ಅದು ಬೋರ್ಡಿನಿಂದ ನಕಲು ಮಾಡಿದ್ದು. ಮಕ್ಕಳು ಯೋಚನೆ ಮಾಡಿ ಬರೆದಿಲ್ಲ. ಒಬ್ಬೊಬ್ಬರದು ಒಂದೊಂದು ತರ ಇದ್ದು, ತಪ್ಪುಗಳೂ ಬೇರೆ ಬೇರೆಯಾಗಿದ್ದು, ಆ ತಪ್ಪಿನ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿ ತಾರೀಕು ಹಾಕಿದ್ದರೆ ಅಲ್ಲಿ ಪಾಠ ನಡೆಯುತ್ತಿದೆ. ತಪ್ಪೇ ಇಲ್ಲದ ಅಂದವಾದ ನೋಟ್‌ಬುಕ್ ಕಂಡರೆ ನನಗೆ ಅನುಮಾನ ಬರುತ್ತದೆ. ಇದನ್ನು ಗುರುತಿಸಲು ಓದು ಬರಬೇಕಾಗಿಲ್ಲ.

ಇನ್ನೊಂದು, ಮಗುವಿನ ಕೈಯಲ್ಲಿ ಓದಿಸುವುದು. ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗನೊಬ್ಬ ಕನ್ನಡ ಪಾಠವನ್ನು ಗಡಗಡ ಓದಿದ. ಬೆರಳು ಸಾಲಿನ ಮೇಲೆ ಓಡುತ್ತಿತ್ತು, ಆದರೆ ಬೆರಳು ಇದ್ದ ಸಾಲು ಬೇರೆ, ಬಾಯಲ್ಲಿ ಬರುತ್ತಿದ್ದ ಸಾಲು ಬೇರೆ. ಅದೇ ಪುಸ್ತಕದ ಕೊನೆ ಕಡೆಯ, ಇನ್ನೂ ಪಾಠ ಆಗದ ಪುಟ ತೆಗೆದುಕೊಟ್ಟಾಗ ಮೊದಲ ಪದದ ಒತ್ತಕ್ಷರದಲ್ಲೇ ನಿಂತುಬಿಟ್ಟ. ಪಾಠ ಬಾಯಿಪಾಠ ಆಗಿತ್ತು, ಓದು ಬಂದಿರಲಿಲ್ಲ. ಹಾಗಾಗಿ ಇನ್ನೂ ಮಾಡದ ಪಾಠವನ್ನೇ ಕೊಟ್ಟು ಓದಿಸಿ. ಕಥೆ ಪುಸ್ತಕ ಆದರೆ ಇನ್ನೂ ಒಳ್ಳೆಯದು. ಗಣಿತಕ್ಕೆ 52ರಿಂದ 27 ಕಳೆಯುವ ಒಂದು ಲೆಕ್ಕ ಸಾಕು. ದಶಕ ತೆಗೆದುಕೊಳ್ಳುವುದು ಬರುತ್ತದಾ ಅಂತ ತಿಳಿಯುತ್ತದೆ. ಮೇಷ್ಟ್ರ ಒಪ್ಪಿಗೆ ತೆಗೆದುಕೊಂಡು, ಮಗುವಿಗೆ ಅವಮಾನ ಆಗದ ಹಾಗೆ, ಮೆಲ್ಲಗೆ ಕೇಳಿ. ಒಬ್ಬ ಮಗುವಿನಿಂದ ಶಾಲೆಯನ್ನು ಅಳೆಯಬೇಡಿ, ನಾಲ್ಕೈದು ಮಕ್ಕಳ ಜೊತೆ ಮಾತಾಡಿ. ಹಿಂದಿನ ಸಾಲಿನಲ್ಲಿ ಕೂತವರನ್ನೂ ಕೇಳಿ.

ಎಷ್ಟು ಮಕ್ಕಳಿಗೆ ಎಷ್ಟು ಜನ ಮೇಷ್ಟ್ರು ಇರಬೇಕು ಅಂತ ಕಾನೂನು ಇದೆಯಾ?

ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಮಕ್ಕಳು 150 ದಾಟಿದರೆ ಐವರು ಶಿಕ್ಷಕರು, ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು. ಅಲ್ಲಿ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಇರಬೇಕು.

ಮಕ್ಕಳನ್ನು ಶಿಕ್ಷಕರಿಂದ ಭಾಗಿಸಿ ಸುಮ್ಮನಾಗಬೇಡಿ. 40 ಮಕ್ಕಳಿಗೆ ಇಬ್ಬರು ಅಂದರೆ ಒಬ್ಬರಿಗೆ ಇಪ್ಪತ್ತೇ ಮಕ್ಕಳು, ಕೇಳಲು ಚೆನ್ನಾಗಿದೆ. ಆದರೆ ಐದು ತರಗತಿಯನ್ನು ಇಬ್ಬರೇ ನೋಡಿಕೊಳ್ಳಬೇಕು. ಅದರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಕೆಲಸವನ್ನೂ ಮಾಡಬೇಕು: ಮೀಟಿಂಗ್, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ನಲ್ಲಿ, ಅಂದರೆ ಪ್ರತಿ ಮಗುವಿನ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಮಾಹಿತಿ ತುಂಬುವುದು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು. ಖಾಯಂ ಎಷ್ಟು, ಅತಿಥಿ ಎಷ್ಟು? ಬೇರೆ ಕಡೆಗೆ ನಿಯೋಜನೆ ಮೇಲೆ ಹೋದವರು ಯಾರಾದರೂ ಇದ್ದಾರಾ? ಇವರ ಹೆಸರು ಈ ಶಾಲೆಯಲ್ಲಿ ಇರುತ್ತದೆ, ಪಾಠ ಇನ್ನೆಲ್ಲೋ ಮಾಡುತ್ತಿರುತ್ತಾರೆ. ಅತಿಥಿ ಶಿಕ್ಷಕರು ಜೂನ್‌ನಲ್ಲೇ ಬಂದರಾ, ತಡವಾಗಿ ಬಂದರಾ? ಅತಿಥಿ ಶಿಕ್ಷಕರು ಕಡಿಮೆ ಸಂಬಳಕ್ಕೆ ಪೂರ್ತಿ ಕೆಲಸ ಮಾಡುವವರು, ಅವರಲ್ಲಿ ತುಂಬಾ ಒಳ್ಳೆಯವರನ್ನು ನೋಡಿದ್ದೇನೆ. ತೊಂದರೆ ಏನೆಂದರೆ ಮುಂದಿನ ವರ್ಷವೂ ಅವರೇ ಇರುತ್ತಾರೆ ಅನ್ನುವ ಖಾತ್ರಿ ಇಲ್ಲ.

ಮೂರು ಕ್ಲಾಸಿನ ಮಕ್ಕಳನ್ನ ಒಂದೇ ರೂಮಲ್ಲಿ ನೆಲದ ಮೇಲೆ ಕೂರಿಸಿದ್ರು. ಮೇಷ್ಟ್ರು ಇಲ್ಲ ಅಂತಾನಾ?

ಇರಬಹುದು, ಆದರೆ ಅದು ನಲಿಕಲಿ ತರಗತಿ ಆಗಿರುವ ಸಾಧ್ಯತೆಯೇ ಹೆಚ್ಚು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲಾ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಬೇಕೆಂದೇ ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು, ಅದಕ್ಕೆ ಸೇರಿದ ತಟ್ಟೆಗೆ, ಅಂದರೆ ಮಕ್ಕಳು ಕೂತು ಕಲಿಯುವ ಗುಂಪಿಗೆ, ಹೋಗಿ ಕಲಿಯುತ್ತದೆ.

ಚೆನ್ನಾಗಿ ನಡೆಯುವ ನಲಿಕಲಿ ಕೋಣೆಯಲ್ಲಿ ಮಗುವನ್ನು ಕೇಳಿದರೆ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಅಂತ ಏಣಿಯ ಮೇಲೆ ಬೆರಳಿಟ್ಟು ತೋರಿಸುತ್ತದೆ. ತಲೆ ಮೇಲಿನ ಚಪ್ಪರದಲ್ಲಿ ಈ ತಿಂಗಳು ಮಕ್ಕಳೇ ಬರೆದ ಚಿತ್ರ ನೇತಾಡುತ್ತಿರುತ್ತದೆ. ನಡೆಯದ ಕಡೆ ಕಾರ್ಡುಗಳು ಹೊಸದಾಗಿಯೇ ಬೀರುವಿನಲ್ಲಿರುತ್ತವೆ, ಚಪ್ಪರದ ಚಿತ್ರಗಳು ಬಿಸಿಲಿಗೆ ಬಣ್ಣ ಹೋಗಿರುತ್ತವೆ, ಮಕ್ಕಳೆಲ್ಲಾ ಒಂದೇ ಅಕ್ಷರವನ್ನು ಸ್ಲೇಟಿನ ಮೇಲೆ ತಿದ್ದುತ್ತಿರುತ್ತಾರೆ.

ಮಕ್ಕಳು ಕಮ್ಮಿ ಇರೋ ಶಾಲೆ ಒಳ್ಳೇದಾ, ಜಾಸ್ತಿ ಇರೋದಾ?

ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಯಾವ ಕಡೆ ಹೋಗುತ್ತಿದೆ ಅಂತ ನೋಡಿ. ಮೂರು ವರ್ಷದಲ್ಲಿ 80ರಿಂದ 45ಕ್ಕೆ ಇಳಿದ ಶಾಲೆಯಲ್ಲಿ ಶಿಕ್ಷಕರನ್ನು 'ಹೆಚ್ಚುವರಿ' ಅಂತ ಗುರುತಿಸಿ ಬೇರೆ ಕಡೆ ಕಳಿಸುತ್ತಾರೆ. ಶಿಕ್ಷಕರು ಹೋದರು ಅಂತ ಮಕ್ಕಳು ಇನ್ನಷ್ಟು ಕಡಿಮೆಯಾಗುತ್ತಾರೆ. ಸಂಖ್ಯೆ ಸಣ್ಣದಾದರೂ ನಿಂತಿದ್ದರೆ ಚಿಂತೆ ಇಲ್ಲ.

## ಅಂಕಿ ಮತ್ತು ರಿಸಲ್ಟ್

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ರಿಸಲ್ಟ್ ಬಂದ ಹೈಸ್ಕೂಲೇ ಬೆಸ್ಟ್ ಅಲ್ವಾ?

ಅಷ್ಟರಿಂದಲೇ ಹೇಳಲಾಗುವುದಿಲ್ಲ. ಇಪ್ಪತ್ತು ಮಕ್ಕಳು ಪರೀಕ್ಷೆ ಬರೆದ ಶಾಲೆಯಲ್ಲಿ ಒಬ್ಬ ಮಗು ಫೇಲಾದರೆ ಶೇ. 5 ಇಳಿಯುತ್ತದೆ. ನೂರಿಪ್ಪತ್ತು ಮಕ್ಕಳ ಶಾಲೆಯಲ್ಲಿ ಒಬ್ಬರಿಂದ ಶೇ. 1 ಕೂಡ ಇಳಿಯುವುದಿಲ್ಲ. ಒಂದೇ ವರ್ಷದ ಶೇಕಡಾವಾರಿಗೆ ಬೆಲೆ ಕೊಡಬೇಡಿ, ಮೂರು ನಾಲ್ಕು ವರ್ಷದ್ದು ಕೇಳಿ. ಅದರಲ್ಲೂ 2024ರಲ್ಲಿ ಪರೀಕ್ಷಾ ಕೇಂದ್ರಗಳಲ್ಲಿ ವೆಬ್‌ಕಾಸ್ಟಿಂಗ್ ತಂದ ಮೇಲೆ ಲೆಕ್ಕವೇ ಬದಲಾಯಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ (ಗ್ರೇಸ್ ಮಾರ್ಕ್ಸ್) ಹೆಚ್ಚಿಸಿದ ಮೇಲೆ. ಹಾಗಾಗಿ ಒಂದು ಶಾಲೆಯ 2023ರ ರಿಸಲ್ಟನ್ನು ಇನ್ನೊಂದರ 2024ರ ರಿಸಲ್ಟ್ ಪಕ್ಕ ಇಡುವುದು ಅನ್ಯಾಯ.

ನಾನು ಕೇಳುವ ಪ್ರಶ್ನೆ ಬೇರೆ. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಜನ ಹತ್ತನೇ ಪರೀಕ್ಷೆ ಬರೆದರು? 60 ಜನ ಸೇರಿ 45 ಜನ ಬರೆದು ಎಲ್ಲರೂ ಪಾಸಾದರೆ ಆ ಹದಿನೈದು ಮಕ್ಕಳು ಎಲ್ಲಿ ಹೋದರು? ವರ್ಗಾವಣೆ ತೆಗೆದುಕೊಂಡರಾ, ಕೆಲಸಕ್ಕೆ ಹೋದರಾ, ಮದುವೆ ಆಯಿತಾ, ಓದು ಬರುವುದಿಲ್ಲ ಅಂತ ಬಿಡಿಸಿದರಾ? 60ರಲ್ಲಿ 58 ಜನ ಬರೆದು 48 ಜನ ಪಾಸಾದ ಶಾಲೆಯ ಮೇಲೆ ನನಗೆ ಹೆಚ್ಚು ಗೌರವ. ಅದು ಹಿಂದುಳಿದ ಮಕ್ಕಳನ್ನೂ ಕೈಬಿಟ್ಟಿಲ್ಲ.

ಇನ್ನೂ ಆಳಕ್ಕೆ ಹೋಗಬೇಕಾದರೆ ವಿಷಯವಾರು ಅಂಕ ಕೇಳಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು, ಒಟ್ಟು 625. ಇದರಲ್ಲಿ ಆಂತರಿಕ ಅಂಕ ಶಾಲೆಯೇ ಕೊಡುವುದು. ಗಣಿತ, ವಿಜ್ಞಾನ, ಇಂಗ್ಲಿಷ್ ಲಿಖಿತ ಪರೀಕ್ಷೆಯ 80 ಅಂಕಕ್ಕೆ ಎಷ್ಟು ಬಂತು ಅನ್ನುವುದರಲ್ಲಿ ಆ ಶಾಲೆಯ ಪಾಠ ಕಾಣುತ್ತದೆ.

ಶಾಲೆಯವರು ಹೇಳಿದ್ದು ನಿಜಾನಾ ಅಂತ ನಾವೇ ನೋಡೋಕೆ ಆಗುತ್ತಾ?

ಆಗುತ್ತದೆ. ಪ್ರತಿ ಶಾಲೆಗೂ ಯುಡೈಸ್ ಕೋಡ್ ಅನ್ನುವ 11 ಅಂಕಿಯ ಗುರುತಿನ ಸಂಖ್ಯೆ ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಸಾಮಾನ್ಯವಾಗಿ ಆಫೀಸ್ ಗೋಡೆಯ ಮೇಲೇ ಬರೆದಿರುತ್ತಾರೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಆ ಕೋಡ್ ಹಾಕಿದರೆ ತರಗತಿವಾರು ಮಕ್ಕಳು, ಶಿಕ್ಷಕರು, ಕೋಣೆ, ಶೌಚಾಲಯ, ಗ್ರಂಥಾಲಯದ ವಿವರ ಸಿಗುತ್ತದೆ. ಮಾಹಿತಿ ತುಂಬುವುದು ಶಾಲೆಯವರೇ, ಅದು ಒಂದು ವರ್ಷ ಹಳೆಯದೂ ಆಗಿರಬಹುದು. ಕಾಗದದಲ್ಲಿ ಇರುವ ಗ್ರಂಥಾಲಯ ಬೀಗ ಹಾಕಿದ ಬೀರು ಆಗಿರಬಹುದು. ಆದರೂ ಐದು ಶಾಲೆಯನ್ನು ಪಕ್ಕ ಪಕ್ಕ ಇಟ್ಟು ನೋಡಲು, ಯಾವ ಎರಡಕ್ಕೆ ಖುದ್ದು ಹೋಗಬೇಕು ಅಂತ ತೀರ್ಮಾನಿಸಲು ಇದು ಸಾಕು.

## ಮಾಧ್ಯಮ, ಕೋಟಾ, ಮುಂದಿನ ದಾರಿ

ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇರೋ ಸರ್ಕಾರಿ ಶಾಲೆನೇ ಆರಿಸಲಾ?

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. 2007-08ರಿಂದ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. 2019-20ರಿಂದ ಆಯ್ದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಬಂದಿದೆ. ತಂದೆ ತಾಯಿಯ ಆಸೆ ನನಗೆ ಅರ್ಥವಾಗುತ್ತದೆ. ಇಂಗ್ಲಿಷ್ ಬಂದವರಿಗೆ ಕೆಲಸ ಸಿಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಆದರೆ ಆ ವಿಭಾಗಕ್ಕೆ ಪಾಠ ಮಾಡುವವರು ಯಾರು ಅಂತ ಕೇಳಿ. ಎಷ್ಟೋ ಕಡೆ ಕನ್ನಡ ಮಾಧ್ಯಮದ ಅದೇ ಶಿಕ್ಷಕರು ಎರಡೂ ವಿಭಾಗ ನೋಡಿಕೊಳ್ಳುತ್ತಾರೆ. ಅವರಿಗೆ ಇಂಗ್ಲಿಷಿನಲ್ಲಿ ಮಾತು ಸಲೀಸಾಗಿದ್ದರೆ ಸರಿ. ಇಲ್ಲದಿದ್ದರೆ ಮಗು ಪರಿಸರ ಅಧ್ಯಯನದ ಉತ್ತರವನ್ನು ಅರ್ಥ ಗೊತ್ತಿಲ್ಲದೆ ಉರು ಹೊಡೆಯುತ್ತದೆ, ಕನ್ನಡವೂ ಅರ್ಧ, ಇಂಗ್ಲಿಷೂ ಅರ್ಧ ಆಗುತ್ತದೆ. ಮನೆಯಲ್ಲಿ ಇಂಗ್ಲಿಷ್ ಓದಿಸುವವರು ಇಲ್ಲದಿದ್ದರೆ, ಕನ್ನಡ ಮಾಧ್ಯಮದಲ್ಲಿ ಓದು ಗಟ್ಟಿ ಮಾಡಿಸಿ, ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಶಿಕ್ಷಕರಿರುವ ಶಾಲೆಯನ್ನೇ ಹುಡುಕಿ ಅನ್ನುವುದು ನನ್ನ ಸಲಹೆ. ಕಥೆಯನ್ನು ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದುವ ಮಗು ಎರಡನೆಯದನ್ನು ಬೇಗ ಕಲಿಯುತ್ತದೆ.

ಊರೊಳಗಿನ ಶಾಲೆ ಬಿಟ್ಟು ಪಕ್ಕದ ಹಳ್ಳಿ ಶಾಲೆಗೆ ಸೇರಿಸಿದ್ರೆ ಕೋಟಾ ಸಿಗುತ್ತೆ ಅಂತಾರೆ. ಹೌದಾ?

ಹೌದು. ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ವೃತ್ತಿಪರ ಕೋರ್ಸ್ ಸೇರುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಲೆಕ್ಕಕ್ಕೆ ಬರುತ್ತದೆ. ಗ್ರಾಮೀಣ ಅನ್ನುವುದು ಶಾಲೆ ಇರುವ ಜಾಗದ ಮೇಲೆ ನಿರ್ಧಾರ ಆಗುತ್ತದೆ. ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಸಣ್ಣ ಊರಿನಲ್ಲಿ ರಸ್ತೆಯ ಈ ಬದಿಯ ಶಾಲೆ ಪಟ್ಟಣ, ಆ ಬದಿಯದು ಗ್ರಾಮ ಪಂಚಾಯಿತಿ ಆಗಿರುವುದೂ ಉಂಟು. ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದಲ್ಲಿಯೂ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ ಮೂರು, ನಾಲ್ಕು, ಐದನೇ ತರಗತಿಯನ್ನು ಹಳ್ಳಿ ಶಾಲೆಯಲ್ಲಿ ಓದಿರಬೇಕು.

ಎರಡು ಶಾಲೆ ಪಾಠದಲ್ಲಿ ಸಮ ಇದ್ದಾಗ ಈ ಅಂಶ ನೋಡಿ. ಹತ್ತು ವರ್ಷದ ಆಚೆಯ ಕೋಟಾಕ್ಕಾಗಿ ಇವತ್ತು ಟೀಚರ್ ಇಲ್ಲದ ಶಾಲೆಗೆ ಹಾಕಬೇಡಿ.

ಐದನೇ ಕ್ಲಾಸ್ ಆದಮೇಲೆ ಮೊರಾರ್ಜಿ, ನವೋದಯ, ಆದರ್ಶಕ್ಕೆ ಹಾಕೋ ಯೋಚನೆ. ಈಗ್ಲಿಂದ ಏನು ನೋಡ್ಬೇಕು?

ಮೂರಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಮೊರಾರ್ಜಿ ಮತ್ತು ನವೋದಯ ವಸತಿ ಶಾಲೆ, ಆದರ್ಶಕ್ಕೆ ಮನೆಯಿಂದ ಹೋಗಿ ಬರಬೇಕು. ಕಳೆದ ಎರಡು ಮೂರು ವರ್ಷದಲ್ಲಿ ನಿಮ್ಮ ಪ್ರಾಥಮಿಕ ಶಾಲೆಯಿಂದ ಎಷ್ಟು ಮಕ್ಕಳು ಆಯ್ಕೆಯಾದರು ಅಂತ ಕೇಳಿ. ಕೆಲವು ಶಿಕ್ಷಕರು ಸಂಜೆ ಹೊತ್ತು ಬಿಟ್ಟಿಯಾಗಿ ಇದಕ್ಕೆಂದೇ ತಯಾರಿ ಮಾಡಿಸುತ್ತಾರೆ. ಅಂಥವರು ಇರುವ ಶಾಲೆ ಸಿಕ್ಕರೆ ಬಿಡಬೇಡಿ. ಶಿಕ್ಷಕರು ಖಾಸಗಿಯಾಗಿ ದುಡ್ಡು ತೆಗೆದುಕೊಂಡು ಟ್ಯೂಷನ್ ಮಾಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ನನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಲ್ಲ. ಇಂಥ ಮಕ್ಕಳಿಗೆ ಯಾವ ಶಾಲೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಹೆಚ್ಚಿನ ವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳು ಹತ್ತಿರದ ಸಾಮಾನ್ಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ತಮಗೆ ಬೇಕಾದ ಕಡೆ, ಉಚಿತವಾಗಿ ಓದಬಹುದು. ಮೊದಲು ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರನ್ನು ಭೇಟಿಯಾಗಿ. ಯಾವ ಶಾಲೆಯಲ್ಲಿ ಇಂಥ ಮಕ್ಕಳು ಈಗಾಗಲೇ ಓದುತ್ತಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಆಮೇಲೆ ಆ ಮಕ್ಕಳ ತಾಯಂದಿರ ಜೊತೆ ಮಾತಾಡಿ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವ ಹಾಗೆ ನಿಂತು ಪಾಠ ಮಾಡುವ ಟೀಚರ್ ಇದ್ದಾರಾ ಅನ್ನುವುದನ್ನು ಅವರೇ ಹೇಳುತ್ತಾರೆ.

## ಸೇರಿಸಿದ ಮೇಲೆ

ಸೇರಿಸಿದ ಶಾಲೆ ಸರಿ ಹೋಗ್ಲಿಲ್ಲ. ಟಿಸಿ ಕೊಡೋಕೆ ಸತಾಯಿಸ್ತಿದ್ದಾರೆ, ಏನ್ ಮಾಡ್ಲಿ?

ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಟಿಸಿ ಕೊಡಲು ಬೇಕೆಂದೇ ತಡ ಮಾಡುವ ಮುಖ್ಯಸ್ಥರ ಮೇಲೆ ಶಿಸ್ತು ಕ್ರಮ ಇದೆ. ಇದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಆಗಲಿಲ್ಲ ಅಂದರೆ ಬಿಇಒ ಹತ್ತಿರ ಹೋಗಿ. ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಹೊಸ ಶಾಲೆಗೆ ವರ್ಗವಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಒಳ್ಳೆ ಎಚ್‌ಎಂ ನೋಡಿ ಸೇರಿಸಿದ್ವಿ. ಅವರೇ ವರ್ಗ ಆಗಿ ಹೋದ್ರು. ಈಗ ಶಾಲೆ ಬದಲಾಯಿಸಬೇಕಾ?

ಅವಸರ ಬೇಡ. ವರ್ಗಾವಣೆ ಕೌನ್ಸೆಲಿಂಗ್ ಮುಗಿದ ಮೇಲೆ ಯಾರು ಬರುತ್ತಾರೆ ಅಂತ ಒಂದು ಅರ್ಧ ವರ್ಷ ನೋಡಿ. ಆ ಅರ್ಧ ವರ್ಷ ಸುಮ್ನೆ ಕೂರಬೇಡಿ, ಎಸ್‌ಡಿಎಂಸಿ ಸಭೆಗೆ ಹೋಗಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಶಾಲೆಯ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು ಅದರ ಕೆಲಸ. ಗಣಿತದ ಹುದ್ದೆ ಖಾಲಿ ಇದೆ ಅಂತ ಒಬ್ಬ ತಾಯಿ ಬಿಇಒಗೆ ಹೇಳಿದರೆ ಅದು ಒಂದು ದೂರು. ಎಸ್‌ಡಿಎಂಸಿ ನಿರ್ಣಯ ಮಾಡಿ, ಸಹಿ ಹಾಕಿ, ಜೂನ್ ಮೊದಲ ವಾರದಲ್ಲೇ ಕೊಟ್ಟರೆ ಅತಿಥಿ ಶಿಕ್ಷಕರ ಹಂಚಿಕೆ ಮಾಡುವಾಗ ಆ ಶಾಲೆಯ ಹೆಸರು ಅಧಿಕಾರಿಯ ಕಣ್ಣ ಮುಂದೆ ಇರುತ್ತದೆ. ಸಭೆ ಯಾವ ದಿನ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿಲ್ಲದಿದ್ದರೆ, ಮೊದಲು ಅದನ್ನು ಹಾಕಿಸಿ.